ಹವ್ಯಾಸಿಗಳ ಹಕ್ಕಿಪಟ್ಟಿಗಳನ್ನು ವಿಜ್ಞಾನ ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ದಾವಣಗೆರೆ ಜಿಲ್ಲೆ

ಮೂರು ವರ್ಷಗಳಿಂದ ನಮ್ಮೂರ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುತ್ತಾ, ಕಂಡ ಹಕ್ಕಿಗಳನ್ನು ಪಕ್ಷಿವೀಕ್ಷಕರ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸುತ್ತಿದ್ದೇನೆ. ಕಳೆದ ಜನವರಿಯಲ್ಲಿ ಎರಡು ಪಟ್ಟೆತಲೆ ಹೆಬ್ಬಾತುಗಳನ್ನು ಕಂಡೆನೆಂದು ಬರೆದಾಗ ಪರಿಶೀಲಕರು ಫೋಟೊ ಅಥವಾ ಗುರುತಿನ ವಿವರ ಕೇಳಿದರು. ಬಹಳ ದೂರದಿಂದ ನೋಡಿದ್ದರಿಂದ ಎರಡನ್ನೂ ಕೊಡಲಾಗಲಿಲ್ಲ, ದಾಖಲೆ ದೃಢಪಡಲಿಲ್ಲ. ಅವರು ಕೇಳಿದ್ದು ಸರಿಯೇ. ಆದರೆ ತರಬೇತಿಯಿಲ್ಲದ ನನ್ನಂಥ ಸಾವಿರಾರು ಜನ ಬಿಡುವಾದಾಗ, ಅನುಕೂಲವಾದ ಜಾಗದಲ್ಲಿ ಬರೆದ ಪಟ್ಟಿಗಳನ್ನು ಒಟ್ಟುಗೂಡಿಸಿ, ಒಂದು ಪ್ರಭೇದ ಕಡಿಮೆಯಾಗುತ್ತಿದೆಯೆಂದು ಹೇಳುವುದು ಸಾಧ್ಯವೇ? ದಿನವೂ ಕಾಣುವ ಕಾಗೆ, ಗೊರವಂಕಗಳನ್ನು ಬರೆಯುವುದರಿಂದ ಪ್ರಯೋಜನವೇನು?

ಉತ್ತರ 1

ಕಾಗೆಯನ್ನು ಬರೆದದ್ದರಲ್ಲೇ ಇದರ ಗುಟ್ಟಿದೆ. ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಇ-ಬರ್ಡ್ ಕೇಳುವ ಪ್ರಶ್ನೆಗೆ ನೀವು ಹೌದು ಎಂದಾಗ, ಪಟ್ಟಿಯಲ್ಲಿಲ್ಲದ ಹಕ್ಕಿಗಳೂ ಮಾಹಿತಿಯಾಗುತ್ತವೆ. ಇಷ್ಟು ಹೊತ್ತು, ಇಷ್ಟು ದೂರ ನಡೆದರೂ ನೀಲಕಂಠ ಕಾಣಲಿಲ್ಲ ಎಂಬುದೂ ಒಂದು ದಾಖಲೆಯೇ. ಅಪರೂಪದ ಹಕ್ಕಿಯನ್ನಷ್ಟೇ ಬರೆದ ಪಟ್ಟಿಯಿಂದ ಇದು ಸಿಗುವುದಿಲ್ಲ. ಸಂಶೋಧಕರು ತಲೆಯೆಣಿಕೆಯನ್ನು ಕೂಡಿಸುತ್ತಾ ಹೋಗುವುದಿಲ್ಲ. ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಆ ಪ್ರಭೇದವಿತ್ತು ಎಂಬುದನ್ನು, ಪಟ್ಟಿಯ ಉದ್ದ, ಋತು, ಸ್ಥಳಗಳ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡು, ವರ್ಷದಿಂದ ವರ್ಷಕ್ಕೆ ಹೋಲಿಸುತ್ತಾರೆ.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಗೆ ಸುಮಾರು 30,000 ಹವ್ಯಾಸಿಗಳ 3 ಕೋಟಿ ದಾಖಲೆಗಳೇ ಆಧಾರ. ಅದು 942 ಪ್ರಭೇದಗಳನ್ನು ಪರಿಶೀಲಿಸಿದರೂ, ದೀರ್ಘಾವಧಿಯ ಏರಿಳಿತವನ್ನು ಹೇಳಿದ್ದು 338ಕ್ಕೆ ಮಾತ್ರ; ಅವುಗಳಲ್ಲಿ 204 ಕಡಿಮೆಯಾಗಿವೆ. ಉಳಿದವುಗಳ ವಿಷಯದಲ್ಲಿ ತೋರಿದ ಆ ಸಂಯಮವೇ ನನಗೆ ವರದಿಯ ಮೇಲೆ ವಿಶ್ವಾಸ ಮೂಡಿಸಿತು. ನಮ್ಮ ರಾಜ್ಯಪಕ್ಷಿ ನೀಲಕಂಠದ ಇಳಿಕೆ ಗೊತ್ತಾದದ್ದು, ಅದನ್ನು ಕಾಣದೆ ಮನೆಗೆ ಮರಳಿದವರ ಪಟ್ಟಿಗಳೂ ಇದ್ದುದರಿಂದ.

ಉತ್ತರ 2

ಖಗೋಳ ವಿಜ್ಞಾನದ ಒಂದು ಉದಾಹರಣೆಯನ್ನು ಸೇರಿಸಬಯಸುತ್ತೇನೆ. 2007ರ ಜುಲೈಯಲ್ಲಿ ಆರಂಭವಾದ ‘ಗ್ಯಾಲಕ್ಸಿ ಝೂ’ ಯೋಜನೆಯಲ್ಲಿ ಸುಮಾರು ಒಂಬತ್ತು ಲಕ್ಷ ಗ್ಯಾಲಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು ಆಕಾರ ಗುರುತಿಸಲು ಕೇಳಲಾಯಿತು. ಮೊದಲ ವರ್ಷದಲ್ಲೇ 5 ಕೋಟಿಗೂ ಹೆಚ್ಚು ಉತ್ತರಗಳು ಬಂದವು. ಸುರುಳಿ ಗ್ಯಾಲಕ್ಸಿಗಳಲ್ಲಿ ಅಪ್ರದಕ್ಷಿಣವಾಗಿ ಸುತ್ತುವಂತೆ ಕಾಣುವವೇ ಹೆಚ್ಚೆಂದು ಜನ ಗುರುತಿಸಿದ್ದರು. ನಿಜವಾಗಿದ್ದರೆ ಅದು ದೊಡ್ಡ ಸುದ್ದಿ. ಸಂಶೋಧಕರು ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ತೋರಿಸಿದರು. ಈಗ ಪ್ರದಕ್ಷಿಣ ದಿಕ್ಕಿನವು ಹೆಚ್ಚಾಗಬೇಕಿತ್ತು, ಆಗಲೂ ಅಪ್ರದಕ್ಷಿಣವೇ ಮುಂದಿತ್ತು! ವಾಲಿಕೆ ಇದ್ದದ್ದು ನೋಡುವವರಲ್ಲಿ, ಆಕಾಶದಲ್ಲಲ್ಲ. ಒಬ್ಬರೇ ಪರಿಣತರು ಕುಳಿತು ವಿಂಗಡಿಸಿದ್ದರೆ ಈ ದೋಷ ಇಷ್ಟು ನಿಚ್ಚಳವಾಗಿ ಕಾಣುತ್ತಿತ್ತೇ ಎಂದು ನನಗೆ ಅನುಮಾನ.

ಉತ್ತರ 3

ಮೇಲಿನ ಎರಡನ್ನೂ ಒಪ್ಪುತ್ತೇನೆ, ಆದರೆ ಯಾರೂ ಹೋಗದ ಜಾಗಕ್ಕೆ ಪಟ್ಟಿಯೇ ಇರುವುದಿಲ್ಲ. ಆ ಕೊರತೆಯನ್ನು ಲೆಕ್ಕಾಚಾರ ಪೂರ್ತಿ ತುಂಬಲಾರದು. ಊರ ಪಕ್ಕದ ಕೆರೆಗೆ ಬರುವಷ್ಟು ವೀಕ್ಷಕರು ಜೋಳದ ಹೊಲಗಳಿಗೆ, ಕುರುಚಲು ಬಯಲಿಗೆ ಬರುವುದಿಲ್ಲ. ಕೇರಳದ ಪಕ್ಷಿ ಭೂಪಟ ಯೋಜನೆ ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡಿತು: 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ತಮಗೆ ಇಷ್ಟವಾದ ಕಡೆಗಲ್ಲದೆ, ಮೊದಲೇ ಗೊತ್ತುಮಾಡಿದ ಸುಮಾರು 4,000 ಚೌಕಗಳಿಗೆ ಮಳೆಗಾಲದಲ್ಲೂ ಮಳೆಯಿಲ್ಲದ ಕಾಲದಲ್ಲೂ ಹೋಗಿ ಎಣಿಸಿದರು. ತಿಂಗಳಿಗೊಮ್ಮೆಯಾದರೂ ಕೆರೆ ಬಿಟ್ಟು ಹತ್ತಿರದ ಹೊಲದ ಬದುವಿನ ಮೇಲೆ ಹದಿನೈದು ನಿಮಿಷ ನಡೆದು ಒಂದು ಪಟ್ಟಿ ಮಾಡಿ ಎಂದು ಶಿಕ್ಷಕರನ್ನು ಕೋರುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಈ ಭಾನುವಾರ ಎಂಟನೆಯ ತರಗತಿಯ ಮಕ್ಕಳೊಂದಿಗೆ ಹೊಲದ ಕಡೆ ಹೋಗುತ್ತೇನೆ. ಬೆಳ್ಳಕ್ಕಿಗಳ ದೊಡ್ಡ ಹಿಂಡು ತಲೆಯ ಮೇಲೆ ಹಾರಿಹೋದಾಗ ಸಂಖ್ಯೆಯನ್ನು ಹೇಗೆ ಬರೆಯಬೇಕು?

ಉತ್ತರ 1 ಬರೆದವರು

ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಹಿಂಡಿನಲ್ಲಿ ಎಷ್ಟು ಜಾಗ ಹಿಡಿಯುತ್ತವೆಂದು ನೋಡಿ, ಅಂಥ ಹತ್ತುಗಳು ಎಷ್ಟಿವೆಯೆಂದು ಅಂದಾಜಿಸಿ. ಅದೂ ಆಗದಿದ್ದರೆ ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ ಅಕ್ಷರ ಹಾಕಿ; ಹಕ್ಕಿ ಇತ್ತು, ಎಣಿಸಲಿಲ್ಲ ಎಂದು ಅದರರ್ಥ.