‘ಕಾಂಬಿನೇಶನ್ ಥೆರಪಿ’ಗೆ ‘ಮಿಶ್ರ ಚಿಕಿತ್ಸೆ’ ಹೊಂದುತ್ತದೆಯೇ?

ಪ್ರಶ್ನೆ: ಫಿಲಡೆಲ್ಫಿಯಾ ಕ್ರೋಮೋಸೋಮ್ (ಎರಡು ವರ್ಣತಂತುಗಳ ತುಣುಕು ಅದಲುಬದಲಾಗಿ ಆದದ್ದು) ಇರುವ ಬಿ-ಎಎಲ್‌ಎಲ್, ಅಂದರೆ ಬಿ ಕಣಗಳ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ರೋಗಿಗಳ ಕೈಪಿಡಿಯಲ್ಲಿ ‘ತೀವ್ರ ರಕ್ತಕ್ಯಾನ್ಸರ್’, ‘ಮಿಶ್ರ ಚಿಕಿತ್ಸೆ’, ‘ಇಬ್ಬಗೆಯ ಪ್ರತಿಕಾಯ’ ಎಂದು ಬರೆದಿದೆ. ಮೂಲದಲ್ಲಿರುವುದು ಅಕ್ಯೂಟ್ ಲ್ಯುಕೇಮಿಯಾ, ಕಾಂಬಿನೇಶನ್ ಥೆರಪಿ, ಬೈಸ್ಪೆಸಿಫಿಕ್ ಆಂಟಿಬಾಡಿ. ಹೀಗೇ ಇರಲೇ?

ಉತ್ತರ: ಮೊದಲು ‘ಮಿಶ್ರ’ ತೆಗೆಯಿರಿ. ಮಿಶ್ರ ಎಂದರೆ ಒಟ್ಟಿಗೆ ಕಲಸಿದ್ದು ಎಂದೇ ಓದುಗರು ತಿಳಿಯುವುದು; ಇಲ್ಲಿ ಕಲಸುವುದೇ ಅಪಾಯ. ಇಟಲಿಯ ಡಿ-ಆಲ್ಬಾ ಅಧ್ಯಯನದಲ್ಲಿ (ಪ್ರಕಟವಾದದ್ದು 2020) ಮೊದಲು 85 ದಿನ ದಸಾಟಿನಿಬ್ ಮಾತ್ರೆ, ದಿನಕ್ಕೆ 140 ಮಿಲಿಗ್ರಾಂ, ಆರಂಭದ ವಾರಗಳಲ್ಲಿ ಸ್ಟೀರಾಯ್ಡ್ ಜೊತೆ. ಆಮೇಲೆ ಮಾತ್ರೆ ಮುಂದುವರಿಸುತ್ತಲೇ ಬ್ಲಿನಾಟುಮೊಮ್ಯಾಬ್ ಎಂಬ ಬೈಸ್ಪೆಸಿಫಿಕ್ ಪ್ರತಿಕಾಯ, ದಿನಕ್ಕೆ 28 ಮೈಕ್ರೋಗ್ರಾಂ. ಈ ಪ್ರತಿಕಾಯ ಸುಮಾರು ಎರಡು ಗಂಟೆಯಲ್ಲೇ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಒಂದು ಸುತ್ತಿಗೆ 28 ದಿನ, ಹಗಲೂ ರಾತ್ರಿ, ಪಂಪಿನಿಂದ ಬಿಡುವುದು. ಆ ನಳಿಕೆಯಲ್ಲಿ ಬೇರೆ ಔಷಧ ಹಾಯಿಸಬಾರದು. ಚೀಲ ಬದಲಿಸುವಾಗ ಸಲೈನ್ ಬಿಟ್ಟು ತೊಳೆಯಲೂಬಾರದು: ನಳಿಕೆಯಲ್ಲಿ ನಿಂತದ್ದೆಲ್ಲ ಒಮ್ಮೆಲೇ ಒಳಗೆ ಹೋಗಿ ಪ್ರಮಾಣ ಮೀರುತ್ತದೆ. ‘ಜಂಟಿ ಚಿಕಿತ್ಸೆ’ ಎನ್ನಿ. ‘ಜಂಟಿ ಕಾರ್ಯಾಚರಣೆ’ಯಲ್ಲಿ ಇರುವಂತೆ, ಬೇರೆ ಬೇರೆ ಇದ್ದುಕೊಂಡೇ ಒಂದೇ ಕೆಲಸಕ್ಕೆ ನಿಂತ ಅರ್ಥ ಅದರಲ್ಲಿದೆ.

‘ಇಬ್ಬಗೆ’ ಎಂದೊಡನೆ ‘ಇಬ್ಬಗೆ ನೀತಿ’ ನೆನಪಾಗುತ್ತದೆ. ಪಾಪ, ಪ್ರತಿಕಾಯಕ್ಕೆ ಆ ಅಪವಾದ ಬೇಡ. ‘ಎರಡು ತೋಳಿನ’ ಎಂದರೂ ತಪ್ಪು. ಸಾಮಾನ್ಯ ಪ್ರತಿಕಾಯಕ್ಕೂ ತೋಳು ಎರಡೇ, ಆದರೆ ಎರಡೂ ಒಂದೇ ಗುರುತನ್ನು ಹಿಡಿಯುತ್ತವೆ. ಬ್ಲಿನಾಟುಮೊಮ್ಯಾಬಿನ ಒಂದು ತುದಿ ಬಿ ಕಣದ ಮೇಲಿನ ಸಿಡಿ19 ಎಂಬ ಗುರುತನ್ನು, ಇನ್ನೊಂದು ಟಿ ಕಣದ (ಎರಡೂ ಬಿಳಿ ರಕ್ತಕಣಗಳೇ) ಸಿಡಿ3 ಎಂಬ ಗುರುತನ್ನು ಹಿಡಿದು ಎರಡೂ ಕಣಗಳನ್ನು ಎದುರುಬದುರು ತರುತ್ತದೆ. ಕೊಲ್ಲುವುದು ಟಿ ಕಣ. ‘ದ್ವಿಗುರಿ’ ಅರಿಸಮಾಸ, ‘ಇಗ್ಗುರಿ’ ಯಾರಿಗೂ ತಿಳಿಯದು. ‘ಎರಡು ಗುರಿಯ ಪ್ರತಿಕಾಯ’ ಸಾಕು. ಅಂದಹಾಗೆ, ಕರಡಿನಲ್ಲಿ ಎಲ್ಲೂ ‘ಪ್ರತಿಜೀವಕ’ ನುಸುಳದಿರಲಿ, ಅದು ಆಂಟಿಬಯಾಟಿಕ್.

‘ತೀವ್ರ’ದ ತೊಡಕು ಇನ್ನೂ ಸೂಕ್ಷ್ಮ. ಅಕ್ಯೂಟ್ ಹೇಳುವುದು ಕಾಯಿಲೆ ಬೆಳೆಯುವ ವೇಗವನ್ನು. ಅದರ ಎದುರು ಪದ ‘ದೀರ್ಘಕಾಲಿಕ’, ‘ಸೌಮ್ಯ’ ಅಲ್ಲ. ಫಿಲಡೆಲ್ಫಿಯಾ ಕ್ರೋಮೋಸೋಮ್ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲೂ ಇರುವುದರಿಂದ ಈ ವ್ಯತ್ಯಾಸ ಮಸುಕಾಗಬಾರದು. ಮೇಲಾಗಿ ಅಡ್ಡಪರಿಣಾಮಗಳ ಪುಟದಲ್ಲಿ ಸೈಟೊಕೈನ್ ಪ್ರತಿಕ್ರಿಯೆಯ (ರೋಗನಿರೋಧಕ ಕಣಗಳು ಬಿಡುವ ಸಂದೇಶ ರಾಸಾಯನಿಕಗಳು ಅತಿಯಾದಾಗ ಆಗುವ ತೊಂದರೆ) ‘ಸಿವಿಯರ್’ ದರ್ಜೆಗೂ ನೀವು ‘ತೀವ್ರ’ ಎಂದೇ ಹಾಕುತ್ತೀರಿ. ಕಾಯಿಲೆಯ ಹೆಸರಲ್ಲಿ ‘ಅಕ್ಯೂಟ್’ ಹಾಗೇ ಇಟ್ಟು, ಮೊದಲ ಬಾರಿ ಬಂದಾಗ ‘ವಾರಗಳಲ್ಲೇ ಉಲ್ಬಣಿಸುವ’ ಎಂದು ಬಿಡಿಸಿ. ಅಡ್ಡಪರಿಣಾಮಕ್ಕೆ ‘ಗಂಭೀರ’ ಬಳಸಿ.