ರಾತ್ರಿ ಪಾಳಿಯಲ್ಲಿ 38 ರೋಗಿಗಳಿಗೆ ಒಬ್ಬಳೇ ನರ್ಸ್: ಉಳಿದವರು, ಬಿಟ್ಟವರು ಅನುಭವ ಹೇಳಿ

ಪ್ರಶ್ನೆ: ಖಾಸಗಿ ಆಸ್ಪತ್ರೆಯ ಮನೋರೋಗ ವಾರ್ಡು. ಆತ್ಮಹತ್ಯೆಯ ಅಪಾಯವಿರುವವರನ್ನು 15 ನಿಮಿಷಕ್ಕೊಮ್ಮೆ ನೋಡಿ ಸಹಿ ಹಾಕಬೇಕು. ಔಷಧಿ ಕೊಡುವುದರಲ್ಲೇ ಹೊತ್ತು ಹೋಗುತ್ತದೆ. ಸಹಿಗಳನ್ನು ಬೆಳಗಿನ ಜಾವ ಒಟ್ಟಿಗೆ ತುಂಬುವುದು ಇಲ್ಲಿನ ರೂಢಿ. ಕೆಲಸ ಬಿಡಲೇ?

ಮಂಗಳೂರಿನಿಂದ: ನಾನು ಬಿಟ್ಟೆ. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಔಷಧಿ ತೆಗೆದುಕೊಳ್ಳುತ್ತಿದ್ದ ಒಬ್ಬರಿಗೆ ಭೇದಿ ಹತ್ತಿತು. ಮೈಯ ನೀರು ಇಳಿದರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಬೆಳಗಿನ ಪಾಳಿಯವರು ಕೈನಡುಕ ಕಂಡರು, ಮಧ್ಯಾಹ್ನದವರು ತೂರಾಟ ಕಂಡರು, ರಾತ್ರಿಯವರಿಗೆ ತೊದಲು ಕೇಳಿಸಿತು. ಮೂರನ್ನೂ ಕೂಡಿಸಿ ನೋಡುವ ಪುರಸೊತ್ತು ಯಾರಿಗಿತ್ತು? ರಕ್ತದ ವರದಿ ಬಂದಾಗ ಲಿಥಿಯಂ ಮಟ್ಟ 2 ದಾಟಿತ್ತು, 1.2 ಮೀರಬಾರದೆಂದು ಇಲ್ಲಿ ಹೇಳಬೇಕಿಲ್ಲ. ರೋಗಿಗೆ ಡಯಾಲಿಸಿಸ್, ನಮಗೆ ನೋಟಿಸು. ನಡುವೆ ಬಿಡುವುದಿಲ್ಲವೆಂದು ಬರೆದುಕೊಟ್ಟ ಬಾಂಡ್ ಮುರಿದದ್ದಕ್ಕೆ ಎರಡು ತಿಂಗಳ ಸಂಬಳ ಹೋಯಿತು. ಆಸ್ಪತ್ರೆಯವರು ಇಟ್ಟುಕೊಂಡಿದ್ದ ಮೂಲ ಅಂಕಪಟ್ಟಿ ಬಿಡಿಸಿಕೊಳ್ಳಲು ವಕೀಲರ ಪತ್ರ, ಅದಕ್ಕೆ 3,500 ರೂಪಾಯಿ ಬೇರೆ.

ಸರ್ಕಾರಿ ಶುಶ್ರೂಷಾಧಿಕಾರಿ: ಎಲ್ಲರೂ ಓಡಿಹೋದರೆ ವಾರ್ಡು ನೋಡುವವರು ಯಾರು? ನಾನು ಗುಳಿಗೆ ಕೊಟ್ಟು, ನೀರು ಕುಡಿಸಿ, ಬಾಯಿ ತೆರೆಸಿ ನಾಲಿಗೆಯಡಿಯೂ ನೋಡುತ್ತೇನೆ. ಕೆನ್ನೆಯಲ್ಲಿ ಅಡಗಿಸಿ ಕೂಡಿಟ್ಟ ಮಾತ್ರೆಗಳೇ ಒಂದು ಜೀವ ತೆಗೆಯಲು ಸಾಕು. ಇನ್ನು ಕಟ್ಟಿಹಾಕುವವರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 97 ಓದಲಿ: ಸಿಬ್ಬಂದಿ ಕೊರತೆಯೊಂದನ್ನೇ ನೆಪಮಾಡಿ ರೋಗಿಯನ್ನು ಕಟ್ಟುವಂತಿಲ್ಲ.

ಗುತ್ತಿಗೆ ನರ್ಸ್: ಸೆಕ್ಷನ್ ನಮಗೂ ಗೊತ್ತು ಮೇಡಂ. ರಾತ್ರಿ ಎರಡಕ್ಕೆ ಒಬ್ಬ ಕುರ್ಚಿ ಎತ್ತಿಕೊಂಡು ಬರುತ್ತಾನೆ, ಅದೇ ಹೊತ್ತಿಗೆ ಇನ್ನೊಬ್ಬಳು ಶೌಚಾಲಯದ ಚಿಲಕ ಹಾಕಿಕೊಳ್ಳುತ್ತಾಳೆ. ಆಗ ಸೆಕ್ಷನ್ ಬಂದು ಬಾಗಿಲು ಒಡೆಯುತ್ತದೆಯೇ? ಜನ ಸಾಲದು ಎಂದು ಪಾಳಿಯ ವರದಿಪುಸ್ತಕದಲ್ಲಿ ಬರೆದೆ. ಗುತ್ತಿಗೆ ನವೀಕರಣದ ಪಟ್ಟಿಯಿಂದ ನನ್ನ ಹೆಸರನ್ನೇ ತೆಗೆದರು. ಈಗ ಬೇರೆ ಜಿಲ್ಲೆ, ಮತ್ತೆ ಗುತ್ತಿಗೆ. ಪಿಂಚಣಿ ಇರುವವರಿಗೆ ಬೋಧನೆ ಸುಲಭ.

ಲೀಡ್ಸ್‌ನಿಂದ: ಇಂಗ್ಲೆಂಡಿಗೆ ಬನ್ನಿ ಎನ್ನುವವರನ್ನು ನಂಬಬೇಡಿ. ನಾನು ಬಂದಾಗ ಇಲ್ಲಿ ನರ್ಸ್ ಆಗಲು ಬರೆಯಬೇಕಾದ ಪ್ರಾಯೋಗಿಕ ಪರೀಕ್ಷೆಗೆ 794 ಪೌಂಡ್, ನೋಂದಣಿಗೆ 153. ಆಸ್ಪತ್ರೆಯೇ ಕಟ್ಟಿತು, ಆದರೆ ನಡುವೆ ಬಿಟ್ಟರೆ ವಾಪಸು ಕೊಡಬೇಕೆಂಬ ಕರಾರು. ರೋಗಿಗಳು ಕಡಿಮೆ, ನಿಜ. ಆದರೆ ಎಷ್ಟೋ ರಾತ್ರಿ ಖಾಯಂ ನರ್ಸ್ ನಾನೊಬ್ಬಳೇ. ಉಳಿದವರು ಏಜೆನ್ಸಿಯಿಂದ ಬಂದವರು, ರೋಗಿಯ ಮುಖಪರಿಚಯವೂ ಇಲ್ಲದವರು.

ಮಂಗಳೂರಿನಿಂದ: ಪೌಂಡಿನ ಲೆಕ್ಕ ಇಲ್ಲಿ ಕೇಳಿದವರು ಯಾರು?

ಲೀಡ್ಸ್‌ನಿಂದ: ವಕೀಲರ ಫೀಜು ಕೇಳಿದವರೇ!

ಸರ್ಕಾರಿ ಶುಶ್ರೂಷಾಧಿಕಾರಿ: ಪಿಂಚಣಿಯಂತೆ! 2006ರ ಏಪ್ರಿಲ್ ನಂತರ ಸೇರಿದ ನಮಗೆ ಹಳೆಯ ಪಿಂಚಣಿ ಎಲ್ಲಿದೆ? ಮೂಲ ವೇತನ, ತುಟ್ಟಿಭತ್ಯೆ ಎರಡರಲ್ಲೂ ತಿಂಗಳು ತಿಂಗಳು ಹೊಸ ಪಿಂಚಣಿ ಯೋಜನೆಗೆಂದು ಶೇಕಡಾ 10 ಕಡಿತ. ತಿಳಿದು ಮಾತನಾಡಿ.

ಗುತ್ತಿಗೆ ನರ್ಸ್: ಕಡಿತವಾಗಲು ಮೊದಲು ಸಂಬಳ ಬರಬೇಕಲ್ಲ, ಮೇಡಂ. ನಮಗೆ ದೀಪಾವಳಿಯಿಂದ ಬಂದಿಲ್ಲ.