ಐದು ನಿಮಿಷದ ಉಂಡೆ

“ಬಹಳ ಸುಲಭ” ಎಂದ ಸೀನ.

ಮಿರ್ಚಿಯನ್ನು ಬಾಯಿಯ ತನಕ ಒಯ್ದಿದ್ದ ಮೇಷ್ಟರ ಕೈ ಅಲ್ಲಿಯೇ ನಿಂತಿತು. ಆ ಪದ ಕಿವಿಗೆ ಬಿದ್ದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಮೈ ಉರಿಯಲು ಇನ್ನೊಂದು ಕಾರಣ ಬೇಕಾಗಿರಲಿಲ್ಲ, ಆದರೂ ಉರಿಯಿತು.

“ಯಾವುದಪ್ಪ ಸುಲಭ?”

“ಸಾಸೇಜ್ ಮಾಂಸದ ಮೀಟ್‌ಬಾಲ್. ಮನೆಯಲ್ಲೇ ಮಾಡುವುದು. ಐದೇ ನಿಮಿಷ. ಮಸಾಲೆ ಅರೆಯಬೇಕಿಲ್ಲ, ಈರುಳ್ಳಿ ಹೆಚ್ಚಬೇಕಿಲ್ಲ, ಎಲ್ಲವೂ ಅದರೊಳಗೇ ಇರುತ್ತದೆ. ಸಿಪ್ಪೆ ಸೀಳಬೇಕು, ಒಳಗಿನದನ್ನು ಹಿಂಡಿಕೊಳ್ಳಬೇಕು, ಅಂಗೈಯಲ್ಲಿ ಉಂಡೆ ಕಟ್ಟಿ ಹುರಿಯಬೇಕು. ಮೊಬೈಲಿನಲ್ಲಿ ಒಬ್ಬಾಕೆ ಮಾತನಾಡುತ್ತಲೇ ಇಪ್ಪತ್ತು ಉಂಡೆ ಕಟ್ಟಿದಳು. ಉಗುರಿನ ಬಣ್ಣ ಕೂಡ ಕೆಡಲಿಲ್ಲ.”

“ಸಿಪ್ಪೆ ಎಂದರೆ ಏನು?” ಎಂದರು ವಕೀಲರು. ಅವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಆದರೆ ಮಾಂಸದಡುಗೆಯ ಬಗ್ಗೆ ಅವರಷ್ಟು ಪ್ರಶ್ನೆ ಕೇಳುವವರು ರಾಯಲ್ ವೃತ್ತದಿಂದ ಕೌಲ್ ಬಜಾರಿನವರೆಗೆ ಹುಡುಕಿದರೂ ಸಿಗಲಾರರು.

“ಕರುಳು” ಎಂದರು ಮೇಷ್ಟರು. “ಹಂದಿಯದೋ ಕುರಿಯದೋ. ಈಗೀಗ ಕೊಲಾಜೆನ್ ಎಂಬ ಪ್ರೋಟೀನಿನಿಂದ ಮಾಡಿದ್ದೂ ಬಂದಿದೆ. ಕೊಚ್ಚಿದ ಮಾಂಸಕ್ಕೆ ಕೊಬ್ಬು, ಉಪ್ಪು, ಮಸಾಲೆ ಬೆರೆಸಿ ಅದರೊಳಗೆ ತುಂಬುತ್ತಾರೆ. ಇಟಲಿಯವರಾದರೆ ಸೋಂಪನ್ನೂ ಹಾಕುತ್ತಾರೆ.”

ವಕೀಲರು ತಮ್ಮ ಮಿರ್ಚಿಯನ್ನು ಒಮ್ಮೆ ತಿರುಗಿಸಿ ನೋಡಿದರು. ಹೊದಿಕೆ ಕಡಲೆಹಿಟ್ಟಿನದೇ ಎಂದು ಖಾತ್ರಿಯಾದ ಮೇಲೆ ಕಚ್ಚಿದರು.

ಜೀನ್ಸ್ ಹೊಲಿಸುವ ರುದ್ರಪ್ಪ ಅಷ್ಟು ಹೊತ್ತೂ ಮಂಡಕ್ಕಿಯಲ್ಲಿ ಶೇಂಗಾ ಆರಿಸುತ್ತಿದ್ದ. ಈಗ ತಲೆಯೆತ್ತಿದ. “ಒಬ್ಬನು ಕಷ್ಟಪಟ್ಟು ಕರುಳಿನೊಳಗೆ ತುಂಬಿದ್ದನ್ನು ಇನ್ನೊಬ್ಬನು ಕಷ್ಟಪಟ್ಟು ಹೊರಗೆ ತೆಗೆಯುವುದೇ? ಅಂಗಡಿಯಿಂದ ಪ್ಯಾಂಟು ತಂದು, ಹೊಲಿಗೆ ಬಿಚ್ಚಿ, ಚಡ್ಡಿ ಹೊಲಿದ ಹಾಗಾಯಿತಲ್ಲ.”

“ಆ ಚಡ್ಡಿಗೆ ಮನೆಯಲ್ಲೇ ಹೊಲಿದದ್ದು ಎಂಬ ಹೆಸರು ಬೇರೆ” ಎಂದರು ಮೇಷ್ಟರು.

ಸೀನ ಸೋಲುವವನಲ್ಲ. “ನೀವು ನಗಬಹುದು. ನಾನು ಹೋದ ಭಾನುವಾರ ಮಾಡಿಯೇಬಿಟ್ಟೆ.”

ಇದು ಗೊತ್ತಿದ್ದರೆ ಮೇಷ್ಟರು ಮೊದಲೇ ಇನ್ನೊಂದು ತಟ್ಟೆ ಮಿರ್ಚಿ ಹೇಳಿರುತ್ತಿದ್ದರು. ಈಗ ಹೇಳಿದರು.

“ನಿನ್ನ ಐದು ನಿಮಿಷ ಎಲ್ಲಿಂದ ಶುರುವಾಗುತ್ತದೆ?”

“ಸಾಸೇಜ್ ಕೈಗೆ ಬಂದ ಮೇಲೆ.”

“ಕೈಗೆ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯಿತು?”

“ಮೂರು ದಿನ” ಎಂದು ಸೀನ ಸಣ್ಣ ದನಿಯಲ್ಲಿ ಒಪ್ಪಿಕೊಂಡ. ಆಕೆ ಹೇಳಿದ್ದು ಹಂದಿಮಾಂಸದ ಹಸಿ ಸಾಸೇಜು. ಇಲ್ಲಿ ಸಿಕ್ಕಿದ್ದು ಮಂಜುಗಡ್ಡೆಯಾಗಿ ಕುಳಿತ ಕೋಳಿಯ ಸಾಸೇಜು. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಬಿಸಿಲಿಗೆ ಅದೇ ಕರಗಿತು. ಸುಲಭವಾಗಿ ಆದ ಕೆಲಸ ಅದೊಂದೇ. ಸೀನ ಚಾಕುವಿನಿಂದ ಸಿಪ್ಪೆ ಸೀಳಿ ಹಿಂಡಿದ. ಮಾಂಸ ಹೊರಗೆ ಬರಲಿಲ್ಲ. ಸುಲಿದ ಬಾಳೆಹಣ್ಣಿನ ಹಾಗೆ ಇಡಿಯಾಗಿ, ನೆಟ್ಟಗೆ, ಅವನನ್ನೇ ನೋಡುತ್ತಾ ನಿಂತಿತಂತೆ.

“ಹೇಗೆ ಬಂದೀತು?” ಎಂದರು ಮೇಷ್ಟರು. “ಪೊಟ್ಟಣದ ಮೇಲೆ ಬೇಯಿಸಿದ್ದು ಎಂದು ಬರೆದಿರುತ್ತಾರೆ. ಅದು ನುಣ್ಣಗೆ ಅರೆದು, ತುಂಬಿ, ಬೇಯಿಸಿಯೇ ಕಳಿಸಿದ ಮಾಲು. ನೀನು ಬೆಂದ ಇಡ್ಲಿಯನ್ನು ಹಿಂಡಿ ದೋಸೆ ಹುಯ್ಯಲು ಹೊರಟಿದ್ದೀಯಲ್ಲ!”

“ಆಕೆಯದು ಮಾತ್ರ ಹೇಗೆ ಅಂಟಿಕೊಂಡಿತು, ಮೊಟ್ಟೆಯೂ ಇಲ್ಲದೆ?”

“ಉಪ್ಪಿನಿಂದ. ಹಸಿ ಮಾಂಸಕ್ಕೆ ಉಪ್ಪು ಹಾಕಿ ನಾದಿದರೆ ಅದರೊಳಗಿನ ಪ್ರೋಟೀನು ಬಿಟ್ಟುಕೊಂಡು ಗೋಂದಿನ ಹಾಗೆ ಅಂಟಾಗುತ್ತದೆ. ಒಮ್ಮೆ ಬೆಂದರೆ ಆ ಅಂಟು ಅಲ್ಲಿಗೇ ಗಟ್ಟಿಯಾಯಿತು. ಸಾಸೇಜ್ ಎಂಬ ಹೆಸರಿನಲ್ಲೇ ಉಪ್ಪಿದೆ. ಲ್ಯಾಟಿನ್ನಿನ ಮೂಲ ಪದಕ್ಕೆ ಉಪ್ಪು ಹಾಕಿದ್ದು ಎಂದೇ ಅರ್ಥ. ಮಾಂಸ ಎಷ್ಟಿದೆ ಎಂಬುದನ್ನು ಮಾತ್ರ ಹೆಸರು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಹಂದಿ ಸಾಸೇಜ್ ಎಂದು ಮಾರಬೇಕಾದರೆ ಶೇಕಡಾ 42 ಹಂದಿಮಾಂಸವಿದ್ದರೆ ಸಾಕು. ಉಳಿದದ್ದರಲ್ಲಿ ರಸ್ಕಿನ ಪುಡಿಯೂ ಇರುತ್ತದೆ, ನೀರೂ ಇರುತ್ತದೆ.”

“ನಿಮ್ಮ ಶಾಲೆಯಲ್ಲಿ 35ಕ್ಕೇ ಪಾಸು ಮಾಡುತ್ತಿದ್ದಿರಲ್ಲ” ಎಂದ ರುದ್ರಪ್ಪ.

“ಮಾಡುತ್ತಿದ್ದೆ. ಆ ಹುಡುಗರನ್ನು ಯಾರಿಗೂ ತಿನ್ನಿಸುತ್ತಿರಲಿಲ್ಲ.”

ವಕೀಲರಿಗೆ ಬೇಯಿಸುವ ಕ್ರಮ ತಿಳಿಯಬೇಕಾಗಿತ್ತು. ಕೊಚ್ಚಿದ ಹಂದಿಮಾಂಸವಾದರೆ ಉಂಡೆಯ ನಡುಮಧ್ಯದಲ್ಲೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಹೊರಗೆ ಕೆಂಪಾದದ್ದನ್ನು ನೋಡಿ ನಂಬಬಾರದು ಎಂದು ಮೇಷ್ಟರು ವಿವರಿಸಿದರು. ಮೇ ತಿಂಗಳಲ್ಲಿ ಕೋಟೆಯ ಬಂಡೆಯ ಮೇಲೆ ಇಟ್ಟು ಬಂದರೆ ಗ್ಯಾಸ್ ಉಳಿಯುತ್ತದಲ್ಲ ಎಂದು ರುದ್ರಪ್ಪ ಸೂಚಿಸಿದ. ಅಲ್ಲಿಂದ ಮಾತು ಬಳ್ಳಾರಿಯ ಬಿಸಿಲು ಹೆಚ್ಚೋ ರಾಯಚೂರಿನ ಬಿಸಿಲು ಹೆಚ್ಚೋ ಎಂಬಲ್ಲಿಗೆ ಹೋಯಿತು. ಅಲ್ಲಿಗೆ ಹೋದ ಮಾತು ಅಷ್ಟು ಬೇಗ ಹಿಂದಿರುಗುವುದಿಲ್ಲ. ಎರಡು ಚಹಾ ಆದ ಮೇಲೆ ಮೇಷ್ಟರೇ ಅದನ್ನು ಎಳೆದುಕೊಂಡು ಬಂದರು.

“ಬಾಳೆಹಣ್ಣು ನಿಂತಿತಲ್ಲ, ಆಮೇಲೆ?”

“ಮಿಕ್ಸಿಗೆ ಹಾಕಿದೆ. ಉಪ್ಪಿಟ್ಟಿನ ಹಾಗಾಯಿತು. ಉಂಡೆ ಕಟ್ಟಿದರೆ ಉದುರಿತು. ಕೊನೆಗೆ ನನ್ನ ಹೆಂಡತಿ ಪುಟಾಣಿ ಹಿಟ್ಟು ಹಾಕಿದಳು. ಒಂದು ಮೊಟ್ಟೆ ಒಡೆದಳು. ಸಪ್ಪೆಯಾಗಿದೆ ಎಂದು ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಹಾಕಿದಳು. ಒಣಒಣ ಅನ್ನಿಸಿತೆಂದು ತೆಂಗಿನಕಾಯಿ ಅರೆದು ಸಾರು ಮಾಡಿ ಅದರೊಳಗೆ ಬಿಟ್ಟಳು. ಮಧ್ಯಾಹ್ನ ಮೂರು ಗಂಟೆಗೆ ಊಟ. ರುಚಿ ಚೆನ್ನಾಗಿತ್ತು.”

ಯಾರೂ ಮಾತನಾಡಲಿಲ್ಲ. ಬಾಣಲೆಯಲ್ಲಿ ಮಿರ್ಚಿ ಚುರುಗುಟ್ಟುತ್ತಿತ್ತು.

“ಸೀನ, ಅದಕ್ಕೆ ಕೈಮಾ ಉಂಡೆ ಎನ್ನುತ್ತಾರೆ” ಎಂದರು ಮೇಷ್ಟರು.

“ಮೀಟ್‌ಬಾಲ್ ಎಂದರೂ ಅದೇ ತಾನೇ?”

“ಅದೇ. 2014ರಲ್ಲಿ ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ತಿದ್ದಿದರಲ್ಲ, ಹಾಗೆ. ಆಗಲೂ ಬಿಸಿಲು ಒಂದು ಡಿಗ್ರಿ ಇಳಿಯಲಿಲ್ಲ. ನನಗೆ ಮೀಟ್‌ಬಾಲಿನ ಮೇಲೆ ಸಿಟ್ಟಿಲ್ಲ. ಹಸಿ ಸಾಸೇಜ್ ಸಿಗುವ ಊರಿನಲ್ಲಿ ಆಕೆಯ ಉಂಡೆ ನಿಜವಾಗಿಯೂ ಐದು ನಿಮಿಷದ್ದೇ ಇರಬಹುದು. ಕೊಚ್ಚಿದವನು, ಕಲಸಿದವನು, ತುಂಬಿದವನು ಎಲ್ಲರೂ ಬೇರೆಡೆ ಬೆವರಿದ್ದಾರೆ, ಕೊನೆಯ ಐದು ನಿಮಿಷ ಆಕೆಯದು. ನಿನಗೆ ಆಕೆ ಕಳಿಸಿದ್ದು ಆ ಸುಲಭವನ್ನು ಮಾತ್ರ. ಕಷ್ಟವನ್ನು ನೀನು ಇಲ್ಲಿ ಮತ್ತೆ ಮೊದಲಿನಿಂದ ಪಡಬೇಕಾಯಿತು. ನೀನೂ ಎಲ್ಲಿ ಪಟ್ಟೆ? ನಿನ್ನ ಹೆಂಡತಿ ಪಟ್ಟಳು.”

ಸೀನ ಚಹಾದ ಲೋಟದೊಳಗೆ ಇಣುಕಿದ. ಅದು ಖಾಲಿಯಾಗಿತ್ತು.

“ಕೋಫ್ತಾ ಎಂದರೂ ಇಂಥ ಉಂಡೆಯೇ. ಆ ಪದ ಪಾರಸಿಯದು, ಕುಟ್ಟು ಎಂಬ ಕ್ರಿಯೆಯಿಂದ ಬಂದದ್ದು” ಎಂದು ಮೇಷ್ಟರು ಪಾಠ ಮುಂದುವರಿಸಿದರು. ಆದರೆ ದನಿ ಪಾಠದ್ದಾಗಿರಲಿಲ್ಲ. “ನಮ್ಮ ಮನೆಯಲ್ಲಿ ಅವ್ವ ಮಾಂಸವನ್ನು ಮರದ ಹಲಗೆಯ ಮೇಲೆ ಇಟ್ಟು ಕೊಚ್ಚುತ್ತಿದ್ದಳು. ಟಕಟಕ ಟಕಟಕ, ಒಂದು ಗಂಟೆ. ಆ ಸದ್ದು ಬ್ರೂಸ್‌ಪೇಟೆಯ ನಮ್ಮ ಓಣಿಯ ಕೊನೆಯ ಮನೆಯವರೆಗೂ ಹೋಗುತ್ತಿತ್ತು. ಇವತ್ತು ಮೇಷ್ಟರ ಮನೆಯಲ್ಲಿ ಕೈಮಾ ಎಂದು ಓಣಿಗೆಲ್ಲ ಗೊತ್ತು. ಆಗ ನಾನು ಮೇಷ್ಟರಲ್ಲ, ನಮ್ಮಪ್ಪ ಮೇಷ್ಟರು. ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಮಕ್ಕಳು ಏನಾದರೂ ನೆಪ ಹಿಡಿದು ಬರುತ್ತಿದ್ದವು. ಅವ್ವ ಅವರನ್ನೂ ಎಣಿಸಿಯೇ ಉಂಡೆ ಕಟ್ಟಿರುತ್ತಿದ್ದಳು.”

“ಆಮೇಲೆ?”

“ಮಿಕ್ಸಿ ತಂದೆ. ನಾನೇ ತಂದದ್ದು, ಮೊದಲ ಸಂಬಳದಲ್ಲಿ. ಅವ್ವ, ಇನ್ನು ಬಹಳ ಸುಲಭ ಎಂದು ಹೇಳಿದ್ದೂ ನಾನೇ. ಎರಡು ನಿಮಿಷದಲ್ಲಿ ಕೈಮಾ. ಆದರೆ ಮಿಕ್ಸಿಗೆ ಚಟ್ನಿಯಾದರೂ ಒಂದೇ ಸದ್ದು, ಕೈಮಾ ಆದರೂ ಒಂದೇ ಸದ್ದು. ಓಣಿಗೆ ಯಾವುದೆಂದು ಹೇಗೆ ತಿಳಿಯಬೇಕು? ಪಕ್ಕದ ಮನೆಯವರು ಗುರೆಳ್ಳು ಚಟ್ನಿ ಕಳಿಸಿದ್ದ ಒಂದು ಬಟ್ಟಲು ನಮ್ಮಲ್ಲಿತ್ತು. ಖಾಲಿ ಬಟ್ಟಲು ಹಿಂದಕ್ಕೆ ಕಳಿಸಬಾರದು, ಕೈಮಾದ ದಿನ ತುಂಬಿ ಕೊಡೋಣ ಎಂದು ಅವ್ವ ಎತ್ತಿಟ್ಟಿದ್ದಳು. ಆ ಮನೆಯ ಮಕ್ಕಳು ಬರಲಿಲ್ಲ. ಅವ್ವ ಮರೆತಳು. ಅವರು ಮನೆ ಖಾಲಿ ಮಾಡಿ ಗಂಗಾವತಿಗೆ ಹೋದರು.”

“ಬಟ್ಟಲು ಈಗಲೂ ಇದೆಯೇ?” ಎಂದು ಕೇಳಿದವರು ವಕೀಲರು.

“ಇದೆ. ಅದರಲ್ಲಿ ಬೀಗದ ಕೈ ಹಾಕಿಡುತ್ತೇನೆ.”

ಅಷ್ಟರಲ್ಲಿ ಸೀನನ ಮೊಬೈಲು ಬಡಿದುಕೊಂಡಿತು. ಮನೆಯಲ್ಲಿ ಕರೆಂಟ್ ಹೋಗಿ ಎರಡು ಗಂಟೆಯಾಗಿದೆ, ಫ್ರಿಜ್ಜಿನಲ್ಲಿ ಉಳಿದಿರುವ ಅರ್ಧ ಪೊಟ್ಟಣ ಸಾಸೇಜನ್ನು ಏನು ಮಾಡಲಿ ಎಂದು ಹೆಂಡತಿ ಕೇಳುತ್ತಿದ್ದಳು. ಸೀನ ಮೇಷ್ಟರ ಮುಖ ನೋಡಿದ.

“ಪುಟಾಣಿ ಹಿಟ್ಟು ಇದೆಯೇ ಎಂದು ಕೇಳು” ಎಂದರು ಮೇಷ್ಟರು. “ಇದ್ದರೆ ನಾವೂ ಬರುತ್ತೇವೆ.”